ಹದಿನಾಲ್ಕು ತಿಂಗಳ ಕಾರು, 43,188 ರೂಪಾಯಿ ಎಸ್ಟಿಮೇಟು: ಪೆರ್ಲದ ಒಂದು ಕ್ಲಚ್ ತಕರಾರು

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಎರಡು ಕಿಲೋಮೀಟರ್ ಒಳಗಿರುವ ಅಡಿಕೆ ಕೃಷಿಕರೊಬ್ಬರ ಡೀಸೆಲ್ ಕಾರು. 1.5 ಲೀಟರ್ ಎಂಜಿನ್, ಆರು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಕೆಎಲ್ 14 ನಂಬರು. ಇನ್‌ವಾಯ್ಸ್ ಬೆಲೆ 12 ಲಕ್ಷ 40 ಸಾವಿರ. ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಹದಿನಾಲ್ಕನೇ ತಿಂಗಳಲ್ಲಿ, ಮೀಟರು 17,840 ತೋರಿಸುತ್ತಿದ್ದಾಗ, ಬದಿಯಡ್ಕದಿಂದ ಮನೆಗೆ ಬರುವ ಏರಿನಲ್ಲಿ ಕಾರು ಮುಂದೆ ಹೋಗದೆ ನಿಂತಿತು. ಎಂಜಿನ್ ಓಡುತ್ತಿತ್ತು, ಗೇರ್ ಬೀಳುತ್ತಿತ್ತು, ಚಕ್ರ ಮಾತ್ರ ತಿರುಗಲಿಲ್ಲ. ಟೋಯಿಂಗ್ ಮಾಡಿಸಿಕೊಂಡು ಕಾಸರಗೋಡಿನ ಡೀಲರ ವರ್ಕ್‌ಶಾಪಿಗೆ ಮುಟ್ಟಿಸಿದ ಮೇಲೆ ಸಿಕ್ಕಿದ ಮೊದಲ ಉತ್ತರ: "ಕ್ಲಚ್ ಪ್ಲೇಟ್ ಸವೆದಿದೆ. ಅದು ಸವೆಯುವ ಭಾಗ. ವಾರಂಟಿ ಇಲ್ಲ."

ಕಂಪನಿ, ಡೀಲರು, ಯಜಮಾನರು ಯಾರ ಹೆಸರೂ ಈ ಬರಹದಲ್ಲಿಲ್ಲ. ಇಂಥ ತಕರಾರುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಕಾರಿನ ಮೇಲೆ ಕೂಡಿಸಿ ಬರೆದದ್ದು. ಬಿಲ್ಲಿನ ಅಂಕಿಗಳು ಲೆಕ್ಕ ಹೇಗೆ ಬೀಳುತ್ತದೆ ಎಂದು ತೋರಿಸುವುದಕ್ಕೆ.

ಕ್ಲಚ್ ಪ್ಲೇಟ್ ಸವೆಯುವ ಭಾಗವೆಂಬುದು ನಿಜ. ಬ್ರೇಕ್ ಪ್ಯಾಡ್, ವೈಪರ್ ಬ್ಲೇಡು, ಬಲ್ಬುಗಳ ಜೊತೆ ಅದನ್ನೂ ವಾರಂಟಿಯಿಂದ ಹೊರಗಿಡುವುದು ಸಾಮಾನ್ಯ. ಕೆಲವು ಕಂಪನಿಗಳು ಮೊದಲ ಕೆಲವು ಸಾವಿರ ಕಿಲೋಮೀಟರಿಗೆ ಮಾತ್ರ ಕೊಡುತ್ತವೆ. ಆದರೆ ಈ ಕಾರಿನ ವಾರಂಟಿ ಪುಸ್ತಕದ ಸಾಲು ಹೇಳುತ್ತಿದ್ದದ್ದು "ಸಹಜ ಸವೆತದಿಂದ ಬದಲಿಸಬೇಕಾದ ಭಾಗಗಳು" ಎಂದು. ಸಹಜ ಎಂಬ ಆ ಒಂದು ಪದ ಡೀಲರ ಬಾಯಲ್ಲಿ ಬಿಟ್ಟುಹೋಗಿತ್ತು. ಪ್ಲೇಟು ಕೆಟ್ಟಿದೆಯೇ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಯಾಕೆ ಕೆಟ್ಟಿತು ಎಂದು ಯಾರೂ ನೋಡಿರಲಿಲ್ಲ. ಮುಂದಿನ 23 ದಿನ ನಡೆದದ್ದೆಲ್ಲ ಈ ಎರಡನೇ ಪ್ರಶ್ನೆಗಾಗಿ.

ಜಾಬ್ ಕಾರ್ಡಿನಲ್ಲಿ ಬಿಟ್ಟುಹೋದ ಮಾತು

ತೊಂದರೆ ಶುರುವಾದದ್ದು ಕಾರು ನಿಂತ ದಿನ ಅಲ್ಲ. ಸುಮಾರು ಮೂರು ತಿಂಗಳ ಹಿಂದೆ, 14,900 ಕಿಲೋಮೀಟರಿಗೆ ವರ್ಷದ ಸರ್ವಿಸ್‌ಗೆ ಬಿಟ್ಟಾಗಲೇ ಯಜಮಾನರು ಹೇಳಿದ್ದರು: "ಏರಿನಲ್ಲಿ ಹೊರಡುವಾಗ ಗಡಗಡ ನಡುಗುತ್ತದೆ, ಕ್ಲಚ್ಚು ಒಮ್ಮೆಲೇ ಹಿಡಿಯುತ್ತದೆ." ಸರ್ವಿಸ್ ಅಡ್ವೈಸರ್ ಅದನ್ನು ಮಲಯಾಳದಲ್ಲಿ ಒಳಗಿನವರಿಗೆ ಹೇಳಿದರು. ಜಾಬ್ ಕಾರ್ಡನ್ನು, ಅಂದರೆ ದೂರು ಮತ್ತು ಮಾಡಬೇಕಾದ ಕೆಲಸ ಬರೆಯುವ ಕಾಗದವನ್ನು, ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಿದ್ಧ ಪಟ್ಟಿಯಿಂದ ಆರಿಸಿ ಒತ್ತುವ ಹೊತ್ತಿಗೆ ಉಳಿದದ್ದು ಮೂರೇ: ಪೀರಿಯಾಡಿಕ್ ಸರ್ವಿಸ್, ಎಸಿ ಕೂಲಿಂಗ್ ಕಡಿಮೆ, ಜನರಲ್ ಚೆಕಪ್. ನಡುಕದ ಮಾತು ಎಲ್ಲೂ ಇಲ್ಲ. ಯಜಮಾನರು ಕೆಳಗೆ ಸಹಿ ಹಾಕಿ ಬಂದರು.

ಗಡಿನಾಡಿನಲ್ಲಿ ಇದು ದಿನನಿತ್ಯದ ಸಂಗತಿ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ, ಕೌಂಟರಿನಲ್ಲಿ ಮಲಯಾಳ, ಕಾಗದದಲ್ಲಿ ಇಂಗ್ಲಿಷು. ಒಂದು ದೂರು ಮೂರು ಭಾಷೆ ದಾಟುವಾಗ ಮೊದಲು ಉದುರುವುದು ಅದರ ನಿಖರತೆ. "ನಡುಗುತ್ತದೆ" ಮತ್ತು "ಜಾರುತ್ತದೆ" ಎಂಬುದು ಮೆಕ್ಯಾನಿಕ್‌ಗೆ ಎರಡು ಬೇರೆ ರೋಗ. ಮೊದಲು ನಡುಗಿ ಆಮೇಲೆ ಜಾರಿದರೆ ಅದು ಎಣ್ಣೆ ತಾಗಿದ ಪ್ಲೇಟಿನ ಲಕ್ಷಣ. ಅರ್ಧ ಕ್ಲಚ್ಚಿನಲ್ಲಿ, ಅಂದರೆ ಪೆಡಲು ಪೂರ್ತಿ ಬಿಡದೆ, ಓಡಿಸಿ ಸವೆಸಿದ ಪ್ಲೇಟು ಹೆಚ್ಚಾಗಿ ನಡುಗುವುದಿಲ್ಲ. ಪೆಡಲಿನ ಹಿಡಿತ ಮೇಲೆ ಮೇಲೆ ಬರುತ್ತಾ, ಮೆಲ್ಲನೆ ಜಾರುತ್ತಾ, ಸುಟ್ಟ ವಾಸನೆ ಬರುತ್ತದೆ.

ಈ ಪ್ರಕರಣವನ್ನು ಉಳಿಸಿದ್ದು ಒಂದು ವಾಟ್ಸಾಪ್ ಸಂದೇಶ. ಸರ್ವಿಸ್ ಬುಕ್ ಮಾಡುವ ಹಿಂದಿನ ದಿನ ಸಂಜೆ ಯಜಮಾನರ ಮಗ ಡೀಲರ ಸರ್ವಿಸ್ ನಂಬರಿಗೆ "ಕ್ಲಚ್ ಬಿಡುವಾಗ ವೈಬ್ರೇಶನ್ ಇದೆ, ನೋಡಬೇಕು" ಎಂದು ಬರೆದಿದ್ದ. ಎರಡು ನೀಲಿ ಗೆರೆ ಬಿದ್ದಿತ್ತು. ಜಾಬ್ ಕಾರ್ಡಿನಲ್ಲಿ ಇಲ್ಲದ ದೂರು ಅಲ್ಲಿತ್ತು, ತಾರೀಕು ಸಮೇತ. ಅದಿಲ್ಲದಿದ್ದರೆ "17,840ರ ತನಕ ಒಂದೂ ದೂರಿಲ್ಲ" ಎಂಬ ವಾದಕ್ಕೆ ಎದುರು ಹೇಳಲು ಕಾಗದ ಇರುತ್ತಿರಲಿಲ್ಲ.

ಎರಡನೇ ಸಲ, ಕಾರು ಟೋ ಆಗಿ ಬಂದಾಗ, ಯಜಮಾನರು ಪಟ್ಟಿಯನ್ನು ನಂಬಿ ಕೂರಲಿಲ್ಲ. ಜಾಬ್ ಕಾರ್ಡಿನ ಎರಡೂ ಪ್ರತಿಯ ಮೇಲೆ ಪೆನ್ನಿನಲ್ಲಿ ಬರೆದು ಅಡ್ವೈಸರ ಸಹಿ ಪಡೆದರು:

"4ನೇ ಗೇರಿನಲ್ಲಿ 60 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ 2,000ದಿಂದ 3,000ಕ್ಕೆ ಏರುತ್ತದೆ, ವೇಗ ಏರುವುದಿಲ್ಲ. 14,900 ಕಿ.ಮೀ.ಯಿಂದ ಹೊರಡುವಾಗ ನಡುಕ ಇದೆ, ಆಗಲೇ ತಿಳಿಸಲಾಗಿದೆ. ವಾರಂಟಿಯಡಿ ಪರಿಶೀಲನೆ ಕೋರಿದೆ. ಗೇರ್‌ಬಾಕ್ಸ್ ಇಳಿಸುವಾಗ ನಾನು ಹಾಜರಿರಬೇಕು. ಬಿಚ್ಚಿದ ಯಾವ ಭಾಗವನ್ನೂ ತೊಳೆಯಬಾರದು, ನನಗೆ ತಿಳಿಸದೆ ವಿಲೇವಾರಿ ಮಾಡಬಾರದು."

ಕೊನೆಯ ವಾಕ್ಯದಲ್ಲಿ "ತೊಳೆಯಬಾರದು" ಎಂಬ ಪದಕ್ಕೆ ತೂಕ ಹೆಚ್ಚು. ಬಿಚ್ಚಿದ ಭಾಗವನ್ನು ಡೀಸೆಲ್ ಹಾಕಿ ತೊಳೆದಿಡುವುದು ಒಳ್ಳೆಯ ಮೆಕ್ಯಾನಿಕ್‌ನ ಅಭ್ಯಾಸ. ಅವನಿಗೆ ಅದು ಶಿಸ್ತು; ತಕರಾರಿನಲ್ಲಿ ಅದೇ ಸಾಕ್ಷ್ಯನಾಶ.

ಎಸ್ಟಿಮೇಟು

ಕ್ಲಚ್ ಪ್ಲೇಟ್ 4,900, ಪ್ರೆಶರ್ ಪ್ಲೇಟ್ 7,600, ಸಿಎಸ್‌ಸಿ ಎಂದು ವರ್ಕ್‌ಶಾಪಿನವರು ಕರೆಯುವ, ಪೆಡಲು ಒತ್ತಿದಾಗ ಕ್ಲಚ್ಚು ಬಿಡಿಸುವ ಹೈಡ್ರಾಲಿಕ್ ರಿಲೀಸ್ ಬೇರಿಂಗ್ 5,200, ಪ್ಲೇಟು ಒತ್ತಿ ಕೂರುವ ಎಂಜಿನ್ ಬದಿಯ ಫ್ಲೈವೀಲ್ 9,800, ಗೇರ್‌ಬಾಕ್ಸಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ 900, ಗೇರ್ ಆಯಿಲ್ ಎರಡು ಲೀಟರಿಗೆ 1,400, ಕ್ಲಚ್ ಫ್ಲೂಯಿಡ್ 300, ಮಜೂರಿ 6,500. ಒಟ್ಟು 36,600. ಮೇಲೆ 18 ಶೇಕಡಾ ಜಿಎಸ್‌ಟಿ 6,588. ಕೈಗೆ ಬಂದ ಮೊತ್ತ 43,188. ಬಿಡಿಭಾಗಗಳಿಗೆ ಮೊದಲು 28 ಶೇಕಡಾ ತೆರಿಗೆ ಇತ್ತು, 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಆದ್ದರಿಂದ ನೆರೆಯವರ ಹಳೆಯ ಬಿಲ್ಲಿಗೆ ಹೋಲಿಸುವಾಗ ತೆರಿಗೆ ಬಿಟ್ಟು ಮೂಲಬೆಲೆ ನೋಡಬೇಕು.

ಈ ಪಟ್ಟಿಯಲ್ಲಿ ಕಣ್ಣು ನಿಲ್ಲಬೇಕಾದದ್ದು ಅತಿ ಕಡಿಮೆ ಬೆಲೆಯ ಸಾಲುಗಳಲ್ಲಿ. ಕ್ಲಚ್ ಪ್ಲೇಟು ಸಹಜವಾಗಿ ಸವೆದಿದ್ದರೆ ಆಯಿಲ್ ಸೀಲ್ ಯಾಕೆ? ಅಡ್ವೈಸರ್ ಹೇಳಿದ್ದು, "ಗೇರ್‌ಬಾಕ್ಸ್ ಇಳಿಸಿದಾಗ ಹೇಗೂ ಬದಲಿಸುತ್ತೇವೆ ಸರ್, ಮುಂಜಾಗ್ರತೆಗೆ." ಅದು ಸುಳ್ಳಲ್ಲ, ಹಾಗೆ ಮಾಡುವ ರೂಢಿ ಇದೆ. ಆದರೆ ಗೇರ್‌ಬಾಕ್ಸ್ ಇನ್ನೂ ಇಳಿದಿರಲಿಲ್ಲ. ಒಳಗೆ ನೋಡುವ ಮೊದಲೇ ಸೀಲು ಪಟ್ಟಿಗೆ ಸೇರಿದೆ ಎಂದರೆ ಅದನ್ನೂ ನೋಡಿಯೇ ತೀರ್ಮಾನಿಸಬೇಕು ಎಂದು ಯಜಮಾನರು ಹಿಡಿದು ಕೂತದ್ದು ಸರಿಯಾಗಿತ್ತು.

ಅವರು ಪೂರ್ತಿ ಎಸ್ಟಿಮೇಟಿಗೆ ಒಪ್ಪಿಗೆ ಕೊಡಲಿಲ್ಲ. ಬಿಚ್ಚಿ ನೋಡುವ ಮಜೂರಿಗೆ ಮಾತ್ರ ಒಪ್ಪಿದರು, ಅದೂ "ವಾರಂಟಿ ಒಪ್ಪಿಗೆಯಾದರೆ ಈ ಮಜೂರಿ ಕಂಪನಿಯದು" ಎಂದು ಬರೆಸಿ. ಇನ್ಶೂರೆನ್ಸಿನ ಮಾತು ಯಾರೋ ಎತ್ತಿದರು. ಸವಕಳಿ ಕಡಿಯದೆ ಪರಿಹಾರ ಕೊಡುವ ಬಂಪರ್ ಟು ಬಂಪರ್ ಪಾಲಿಸಿ ಇದ್ದರೂ ಯಾಂತ್ರಿಕ ಕೆಡುಕು ಅದರಲ್ಲಿ ಬರುವುದಿಲ್ಲ. ಅಡಿಕೆ ಕೊಟ್ಟಿಗೆಯಲ್ಲಿ ನಿಂತ ಕಾರಿನ ವೈರಿಂಗನ್ನು ಇಲಿ ಕಡಿದರೆ ಇದರ ತದ್ವಿರುದ್ಧ: ವಾರಂಟಿ ಇಲ್ಲ, ಪಾಲಿಸಿಯ ಷರತ್ತು ನೋಡಬೇಕು.

ಗೇರ್‌ಬಾಕ್ಸ್ ಇಳಿಸಿದ ದಿನ

ಮೂರನೇ ದಿನ ಬೆಳಿಗ್ಗೆ ಯಜಮಾನರು ಬದಿಯಡ್ಕದ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದರು. ಕೈಯಲ್ಲಿ ಮಿಲಿಮೀಟರಿನ ಪಾಲು ಅಳೆಯುವ ಒಂದು ವರ್ನಿಯರ್, ಬಿಳಿ ಹಳೆಯ ಪಂಚೆಯ ತುಂಡು, ಅಡುಗೆಮನೆಯ ಅಳತೆ ಜಗ್ಗು, ನೀರಿನ ಬಾಟಲಿ. ಇಷ್ಟೇ ಸಲಕರಣೆ.

ಮುಂದಿನ ಚಕ್ರದಿಂದ ಓಡುವ ಕಾರಿನಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾದರೆ ಡ್ರೈವ್ ಶಾಫ್ಟ್ ಎಳೆಯಬೇಕು; ಅದಕ್ಕೂ ಮೊದಲು ಗೇರ್ ಆಯಿಲ್ ಬಸಿಯಬೇಕು. ಬಸಿದ ಎಣ್ಣೆ ಸಾಮಾನ್ಯವಾಗಿ ನೇರ ವೇಸ್ಟ್ ಡ್ರಮ್ಮಿಗೆ ಹೋಗುತ್ತದೆ. ಇಲ್ಲಿ ಅದನ್ನು ಶುದ್ಧ ಟ್ರೇಗೆ ಇಳಿಸಿ ಜಗ್ಗಿಗೆ ಹಾಕಿ ಅಳೆದರು. 1.55 ಲೀಟರ್. ಕಾರಿನ ಪುಸ್ತಕದ ಪ್ರಕಾರ ಇರಬೇಕಾದದ್ದು 2 ಲೀಟರ್. ಬಸಿದಾಗ ಒಳಗೆ ಅಂಟಿ ಉಳಿಯುವುದು 50ರಿಂದ 100 ಮಿಲಿ ಲೀಟರ್ ಇರಬಹುದು. ಅದನ್ನು ಕಳೆದರೂ ಕಡಿಮೆಯೆಂದರೆ 350 ಮಿಲಿ ಲೀಟರ್ ಕಾಣೆಯಾಗಿದೆ ಎಂದರೆ ಅದು ಎಲ್ಲಿಗೋ ಹೋಗಿದೆ. ಎಣ್ಣೆಯ ಬಣ್ಣವನ್ನೂ ನೋಡಿದರು: ಕಂದು, ತಿಳಿ. ಹೊಳೆ ದಾಟುವಾಗ ನೀರು ನುಗ್ಗಿದ್ದರೆ ಹಾಲು ಬೆರೆಸಿದ ಕಾಫಿಯ ಹಾಗೆ ಇರುತ್ತಿತ್ತು. ಆ ವಾದಕ್ಕೆ ಅಲ್ಲೇ ಬಾಗಿಲು ಮುಚ್ಚಿತು.

ಗೇರ್‌ಬಾಕ್ಸ್ ಕೆಳಗೆ ಬಂದಾಗ, ಕ್ಲಚ್ಚನ್ನು ಮುಚ್ಚುವ ಚಿಪ್ಪಾದ ಬೆಲ್ ಹೌಸಿಂಗಿನ ತಳದಲ್ಲಿ ಗಟ್ಟಿ ಕಪ್ಪು ಮಡ್ಡಿ. ಬರೇ ಸವೆದ ಕ್ಲಚ್ಚಾದರೆ ಅಲ್ಲಿ ಒಣ ಹುಡಿ ಇರಬೇಕು, ಊದಿದರೆ ಹಾರುವಂಥದ್ದು. ಇದು ಬೆರಳಿಗೆ ಹತ್ತಿತು. ಮೆಕ್ಯಾನಿಕ್ ಪಂಚೆಯ ತುಂಡಿನಲ್ಲಿ ಒರೆಸಿ ಮೂಸಿ ಹೇಳಿದರು: "ಅಣ್ಣಾ, ಇದು ಎಣ್ಣೆ ಕುಡಿದ ಪ್ಲೇಟು."

ಎಣ್ಣೆ ಎಂದರಷ್ಟೇ ಸಾಲದು, ಯಾವ ಎಣ್ಣೆ ಎಂದು ಗೊತ್ತಾಗಬೇಕು, ಯಾಕೆಂದರೆ ಅಲ್ಲಿಗೆ ಮೂರು ಕಡೆಯಿಂದ ಬರಬಹುದು. ಎಂಜಿನ್ನಿನ ಹಿಂದಿನ ಕ್ರ್ಯಾಂಕ್ ಸೀಲಿನಿಂದ ಬಂದರೆ ಎಂಜಿನ್ ಆಯಿಲ್. ಡೀಸೆಲ್ ಕಾರಿನಲ್ಲಿ ಮಸಿ ಕಪ್ಪು, ಫ್ಲೈವೀಲಿನ ಹಿಂಬದಿಯಲ್ಲಿ ಚಕ್ರದ ಕಡ್ಡಿಗಳ ಹಾಗೆ ಹೊರಕ್ಕೆ ಚಿಮ್ಮಿದ ಗೆರೆ ಬಿಟ್ಟಿರುತ್ತದೆ. ಕ್ಲಚ್ಚಿನಿಂದ ಗೇರ್‌ಬಾಕ್ಸಿನ ಒಳಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲಿನಿಂದ ಬಂದರೆ ಗೇರ್ ಆಯಿಲ್. ಗಂಧಕದ ಗಾಢ ವಾಸನೆ, ಗೆರೆ ಶಾಫ್ಟಿನ ಬುಡದಿಂದ ಶುರು. ಸಿಎಸ್‌ಸಿ ಸೋರಿದರೆ ಕ್ಲಚ್ ಫ್ಲೂಯಿಡ್. ಪೆಡಲು ಮೆತ್ತಗಾಗುತ್ತದೆ, ಟ್ಯಾಂಕಿನ ಮಟ್ಟ ಇಳಿಯುತ್ತದೆ. ಕೊನೆಯದನ್ನು ಪ್ರತ್ಯೇಕಿಸಲು ನೀರು ಸಾಕು: ಫ್ಲೂಯಿಡ್ ನೀರಿನಲ್ಲಿ ಕರಗಿ ಹೋಗುತ್ತದೆ, ಎಣ್ಣೆ ತೇಲುತ್ತದೆ. ಸಿಎಸ್‌ಸಿಯ ಬುಡದಿಂದ ಒಂದು ಹನಿ ತೆಗೆದು ನೀರಿಗೆ ಹಾಕಿದರು. ತೇಲಿತು. ಫ್ಲೈವೀಲಿನ ಹಿಂಬದಿ ಒಣಗಿತ್ತು. ಟ್ಯಾಂಕಿನ ಮಟ್ಟ ಸರಿ ಇತ್ತು. ಉಳಿದದ್ದು ಇನ್‌ಪುಟ್ ಶಾಫ್ಟ್ ಸೀಲು ಒಂದೇ.

ವರ್ಕ್‌ಶಾಪಿನ ಫೋರ್‌ಮನ್ ತೋರಿಸಿದ್ದು ಬೇರೆ: ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳು. "ಇದು ಹಾಫ್ ಕ್ಲಚ್ಚಿನ ಬಿಸಿ. ಮನೆಯ ಏರಿನಲ್ಲಿ ಕ್ಲಚ್ಚಿನಲ್ಲೇ ನಿಲ್ಲಿಸುತ್ತೀರಿ." ಮನೆಗೆ ಹತ್ತುವ ಮುರಕಲ್ಲಿನ ದಾರಿ ಕಡಿದಾದದ್ದೇ. ಅಡಿಕೆ ಗೋಣಿ ಹೇರಿ ರಿವರ್ಸಿನಲ್ಲಿ ಹತ್ತಿಸುವುದೂ ಉಂಟು. ಫೋರ್‌ಮನ್ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನೀಲಿ ಕಲೆ ಬಿಸಿಯಿಂದಲೇ ಬರುವುದು. ಆದರೆ ಎಣ್ಣೆ ತಾಗಿ ಜಾರುವ ಪ್ಲೇಟೂ ಅದೇ ಬಿಸಿ ಹುಟ್ಟಿಸುತ್ತದೆ, ಅದೇ ನೀಲಿ ಬಿಡುತ್ತದೆ. ಕಲೆಯೊಂದನ್ನೇ ನೋಡಿ ಚಾಲಕನ ಮೇಲೆ ಹೊರಿಸುವುದೂ ತಪ್ಪು, ಸೀಲಿನ ಮೇಲೆ ಹೊರಿಸುವುದೂ ತಪ್ಪು. ಬೇರ್ಪಡಿಸುವುದು ಪ್ಲೇಟಿನ ದಪ್ಪ.

ಅದಕ್ಕೇ ವರ್ನಿಯರ್. ಪ್ಲೇಟಿನ ಲೈನಿಂಗಿನಲ್ಲಿ ರಿವೆಟ್ಟಿನ ತಲೆ ಎಷ್ಟು ಆಳದಲ್ಲಿದೆ ಎಂದು ಅಳೆದರೆ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ಬದಲಿಸಬೇಕಾದ ಮಿತಿ ಹಲವು ಕಂಪನಿಗಳ ಮ್ಯಾನುಯಲಿನಲ್ಲಿ 0.3 ಮಿಲಿಮೀಟರ್. ಯಜಮಾನರು ಡೀಲರ ಪಾರ್ಟ್ಸ್ ಕೌಂಟರಿನಿಂದ ಹೊಸ ಪ್ಲೇಟು ತರಿಸಿ, ಅದೇ ವರ್ನಿಯರಿನಲ್ಲಿ, ಫೋರ್‌ಮನ್ ಕೈಯಲ್ಲೇ ಅಳೆಸಿದರು. ಹೊಸದು 1.5. ಹಳೆಯದು, ಆರು ಕಡೆ ಅಳೆದು ಕಡಿಮೆ ಬಂದ ಅಳತೆ, 1.1. ಅಂದರೆ ಸವೆಯಬಹುದಾದ 1.2 ಮಿಲಿಮೀಟರಿನಲ್ಲಿ ಸವೆದದ್ದು 0.4, ಮೂರರಲ್ಲಿ ಒಂದು ಪಾಲು. ಇದೇ ಗತಿಯಲ್ಲಿ ಹೋದರೂ 53,000 ಕಿಲೋಮೀಟರ್ ದಾಟಬೇಕಿತ್ತು. ಲೈನಿಂಗಿನ ಮುಖ ಮಾತ್ರ ಟಾರು ಬಳಿದ ಹಾಗೆ ಕಪ್ಪಾಗಿ ಹೊಳೆಯುತ್ತಿತ್ತು. ಸವೆದು ಮುಗಿದ ಪ್ಲೇಟಲ್ಲ ಇದು. ದಪ್ಪ ಇದ್ದೂ ಹಿಡಿತ ಕಳೆದುಕೊಂಡ ಪ್ಲೇಟು.

ಅಷ್ಟೂ ಅಳತೆಯನ್ನು ವೀಡಿಯೊ ಮಾಡಿದರು, ಕಾರಿನ ಕೆಳಗಿನಿಂದ ಬೆಂಚಿನ ತನಕ ಒಂದೇ ಓಟದಲ್ಲಿ, ಚಾಸಿ ನಂಬರು ಮತ್ತು ಮೀಟರಿನಿಂದ ಶುರುಮಾಡಿ. ತುಂಡು ತುಂಡು ಫೋಟೊ ಆದರೆ "ಇದು ಈ ಕಾರಿನದ್ದೆಂದು ಹೇಗೆ ಹೇಳುತ್ತೀರಿ" ಎಂಬ ಪ್ರಶ್ನೆ ಬರುತ್ತದೆ. ಸಿಎಸ್‌ಸಿಯನ್ನು ಬಿಚ್ಚಿದರೆ ಅದರ ಹಿಂದೆಯೇ ಸೀಲು ಕಾಣುತ್ತದೆ, ಮೂರು ಬೋಲ್ಟಿನ ಕೆಲಸ. ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಬಾರದೆ ಬಿಚ್ಚುವುದಿಲ್ಲ ಎಂದರು ವರ್ಕ್‌ಶಾಪಿನವರು. ಯಜಮಾನರು ಒಪ್ಪಿದರು, ಆದರೆ ಗೇರ್‌ಬಾಕ್ಸಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಟೇಪಿನ ಮೇಲೆ ಇಬ್ಬರೂ ಮಾರ್ಕರಿನಲ್ಲಿ ಸಹಿ ಹಾಕಿ, ಫೋಟೊ ತೆಗೆದ ಮೇಲೆ. ಪ್ಲೇಟನ್ನೂ ಪ್ರೆಶರ್ ಪ್ಲೇಟನ್ನೂ ಬೇರೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಗೆಯೇ ಮಾಡಿದರು.

ನಿರಾಕರಣೆ, ಬರಹದಲ್ಲಿ

ಬಾಯಿಮಾತಿನ "ಆಗುವುದಿಲ್ಲ"ವನ್ನು ಯಾರ ಮುಂದೆಯೂ ಇಡಲಿಕ್ಕಾಗುವುದಿಲ್ಲ. ಯಜಮಾನರು ಕೇಳಿದ್ದು ಇಷ್ಟೇ: ವಾರಂಟಿ ಪುಸ್ತಕದ ಯಾವ ಕಲಮಿನ ಪ್ರಕಾರ ನಿರಾಕರಣೆ, ಯಾವ ಪರಿಶೀಲನೆಯ ಆಧಾರದಲ್ಲಿ, ಬರೆದು ಕೊಡಿ. ಐದನೇ ದಿನ ಇಮೇಲ್ ಬಂತು. ಸವೆಯುವ ಭಾಗ, ಫ್ಲೈವೀಲಿನಲ್ಲಿ ಅತಿಬಿಸಿಯ ಗುರುತು, ಜೊತೆಗೆ ಹೊಸದೊಂದು, "ಹೊರಗಿನ ಅಂಗಡಿಯಲ್ಲಿ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ್ದೀರಿ." ಗೇರ್ ಆಯಿಲ್ ಕಡಿಮೆ ಬಂದ ಬಗ್ಗೆ ಒಂದು ಅಕ್ಷರವೂ ಇಲ್ಲ.

ಅಲೈನ್‌ಮೆಂಟಿನ ಮಾತು ನಿಲ್ಲುವಂಥದ್ದಲ್ಲ. ಚಕ್ರದ ಕೋನಕ್ಕೂ ಗೇರ್‌ಬಾಕ್ಸಿನ ಸೀಲಿಗೂ ಸಂಬಂಧವೇ ಇಲ್ಲ. ಭಾರತೀಯ ಸ್ಪರ್ಧಾ ಆಯೋಗ (ಸಿಸಿಐ) 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗಿನ ರಿಪೇರಿಯವರ ಬಳಿಗೆ ಹೋದ ಮಾತ್ರಕ್ಕೆ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು ಎಂದು ನಿರ್ದೇಶಿಸಿತ್ತು. ಹೊರಗಿನವರು ಮಾಡಿದ ಕೆಲಸದಿಂದಲೇ ಈ ಕೆಡುಕಾಯಿತು ಎಂದು ತೋರಿಸಿದರೆ ಮಾತು ಬೇರೆ.

ಆರನೇ ದಿನ ಕಂಪನಿಯ ಕಸ್ಟಮರ್ ಕೇರಿಗೆ ಇಮೇಲ್, ಡೀಲರಿಗೆ ಪ್ರತಿ. ಜಾಬ್ ಕಾರ್ಡ್ ನಂಬರು, ಚಾಸಿ ನಂಬರು, ಮೀಟರು, ಎರಡು ರಿವೆಟ್ ಅಳತೆ, ಬಸಿದ ಎಣ್ಣೆಯ ಅಳತೆ, ವಾಟ್ಸಾಪಿನ ಚಿತ್ರ. ಒಂದು ಪುಟ ಮೀರಲಿಲ್ಲ, ಬೈಗುಳ ಒಂದೂ ಇಲ್ಲ. ಕೊನೆಯಲ್ಲಿ ಎರಡು ವಾಕ್ಯ: ಸಿಎಸ್‌ಸಿ ತೆಗೆದು ಸೀಲನ್ನು ನನ್ನೆದುರು ಪರಿಶೀಲಿಸಬೇಕು, ವಾರಂಟಿ ತೀರ್ಮಾನಕ್ಕಾಗಿ ಕಾರು ಅಲ್ಲಿದೆ, ಆದ್ದರಿಂದ ಪಾರ್ಕಿಂಗ್ ಬಾಡಿಗೆಗೆ ನನ್ನ ಒಪ್ಪಿಗೆ ಇಲ್ಲ. ಎರಡನೆಯದು ಯಾಕೆ ಬೇಕೆಂದರೆ, ಜಾಬ್ ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ ಕಾರು ಕೊಂಡುಹೋಗದಿದ್ದರೆ ದಿನಕ್ಕಿಷ್ಟು ಎಂದು ಇರುತ್ತದೆ. ತಕರಾರು ಎಳೆದಷ್ಟೂ ಆ ಮೊತ್ತವೇ ಬೆಳೆದು ಕೈ ಕಟ್ಟುತ್ತದೆ.

ಉತ್ತರ ಬಾರದೆ ಇದ್ದಾಗ ಒಂಬತ್ತನೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ. ಕನ್ನಡದಲ್ಲಿ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೂ ದೂರು ಡೀಲರ ಮೇಜು ದಾಟಿ ಮೇಲಿನವರ ಕಣ್ಣಿಗೆ ಬಿದ್ದದ್ದು ಆಮೇಲೆ.

ಹನ್ನೆರಡನೇ ದಿನ ಏರಿಯಾ ಮ್ಯಾನೇಜರ್ ಬಂದರು. ಟೇಪು ಬಿಚ್ಚಿ, ಮೂರು ಬೋಲ್ಟು ತೆಗೆದು, ಸಿಎಸ್‌ಸಿ ಎಳೆದರು. ಸೀಲಿನ ರಬ್ಬರ್ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯಲು ಅದರ ಹಿಂದೆ ಕೂದಲಿನಷ್ಟು ಸಪೂರದ ಒಂದು ಸುರುಳಿ ಸ್ಪ್ರಿಂಗ್ ಇರುತ್ತದೆ, ಬಳೆಯ ಹಾಗೆ. ಅದು ಗಡಿಯಾರದ ಎರಡು ಗಂಟೆಯಿಂದ ಆರು ಗಂಟೆಯ ತನಕ ತನ್ನ ತೋಡಿನಿಂದ ಹೊರಗೆ ಬಂದು ತುಟಿಯ ಮೇಲೆ ಕೂತಿತ್ತು. ಅಷ್ಟು ಭಾಗದಲ್ಲಿ ತುಟಿ ಶಾಫ್ಟಿಗೆ ತಾಗುತ್ತಲೇ ಇರಲಿಲ್ಲ. ಗೇರ್‌ಬಾಕ್ಸಿನ ಉಸಿರುಕೊಳವೆ ಮಣ್ಣು ತುಂಬಿ ಮುಚ್ಚಿದರೂ ಒಳಗಿನ ಒತ್ತಡ ಏರಿ ಎಣ್ಣೆ ಹೊರಗೆ ತಳ್ಳುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದ ಕೆಂಪು ಧೂಳಿನಲ್ಲಿ ಓಡಿದ ಕಾರಾದ್ದರಿಂದ ಅದನ್ನೂ ನೋಡಲೇಬೇಕಿತ್ತು. ಬಿಚ್ಚಿ ಊದಿದರು, ತೆರೆದೇ ಇತ್ತು. ಸ್ಪ್ರಿಂಗ್ ಹೀಗೆ ಜಾರುವುದು ಸೀಲು ಕೂರಿಸುವಾಗ ಅಥವಾ ಶಾಫ್ಟು ತೂರಿಸುವಾಗ. ಆ ಗೇರ್‌ಬಾಕ್ಸನ್ನು ಕಾರ್ಖಾನೆಯ ನಂತರ ಯಾರೂ ಬಿಚ್ಚಿರಲಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗಿದ್ದರೆ

ಅಷ್ಟಾದರೂ ಹದಿನಾರನೇ ದಿನ ಬಂದ ಉತ್ತರ "ಗುಡ್‌ವಿಲ್": ಬಿಡಿಭಾಗಗಳ ಅರ್ಧ ಕಂಪನಿಯದು, ಮಜೂರಿ ಪೂರ್ತಿ ಗ್ರಾಹಕರದು. ಲೆಕ್ಕ ಹಾಕಿದರೆ ಯಜಮಾನರು 25,429 ರೂಪಾಯಿ ಕೊಡಬೇಕು. ಗುಡ್‌ವಿಲ್ ಎಂಬ ಪದದ ಅರ್ಥ, ನಮ್ಮ ಹೊಣೆ ಅಲ್ಲ, ದಾಕ್ಷಿಣ್ಯಕ್ಕೆ ಕೊಡುತ್ತೇವೆ ಎಂದು. ಹೊರಬಂದ ಸ್ಪ್ರಿಂಗ್ ಕಣ್ಣೆದುರು ಇರುವಾಗ ದಾಕ್ಷಿಣ್ಯದ ಮಾತೇ ಸಲ್ಲದು. ಸೀಲು ಸವೆಯುವ ಭಾಗಗಳ ಪಟ್ಟಿಯಲ್ಲಿ ಇರಲಿಲ್ಲ, ಪವರ್‌ಟ್ರೇನಿನ, ಅಂದರೆ ಎಂಜಿನ್-ಗೇರ್‌ಬಾಕ್ಸಿನ, ಭಾಗವಾಗಿ ವಾರಂಟಿಯ ಒಳಗೇ ಇತ್ತು.

ಯಜಮಾನರು ವಕೀಲರ ಸಲಹೆ ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಡೀಲರಿಗೂ ಕಂಪನಿಗೂ ನೋಟಿಸು ಕಳಿಸಿದರು, 15 ದಿನದ ಗಡುವು ಕೊಟ್ಟು. ಅದರ ಹಿಂದಿನ ಲೆಕ್ಕಾಚಾರ ಹೀಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಯಾವ ರಾಜ್ಯದಲ್ಲಿದ್ದರೂ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗ ಸಾಕು. ಮಂಗಳೂರಿನಲ್ಲಿ ಕಾರು ಕೊಂಡ ಗಡಿನಾಡಿನವರಿಗೂ ಇದೇ ಅನ್ವಯ. ಕೊಟ್ಟ ಬೆಲೆ 50 ಲಕ್ಷದ ತನಕ ಜಿಲ್ಲಾ ಆಯೋಗ. ಶುಲ್ಕವೂ ಕೊಟ್ಟ ಬೆಲೆಯ ಮೇಲೆ: 5 ಲಕ್ಷದ ತನಕ ಏನೂ ಇಲ್ಲ, 10 ಲಕ್ಷದ ತನಕ 200, 20 ಲಕ್ಷದ ತನಕ 400 ರೂಪಾಯಿ. ಈ ಕಾರಿಗೆ 400. ಅವಧಿ, ವ್ಯಾಜ್ಯದ ಕಾರಣ ಹುಟ್ಟಿದಂದಿನಿಂದ ಎರಡು ವರ್ಷ.

ಇಂಥ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಡೆ: ತಯಾರಿಕಾ ದೋಷ ಎಂದು ಹೇಳಿದ್ದಾರೆ, ತಜ್ಞರ ವರದಿ ಇಲ್ಲ. 38ನೇ ಕಲಮಿನಂತೆ ಪರೀಕ್ಷೆ ಬೇಕಾದ ದೋಷವಾದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ವಾಹನಗಳ ವಿಷಯದಲ್ಲಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನೋ ಮೋಟಾರು ವಾಹನ ಇಲಾಖೆಯವರನ್ನೋ ಎಕ್ಸ್‌ಪರ್ಟ್ ಕಮಿಷನರ್ ಆಗಿ ನೇಮಿಸಲು ಅರ್ಜಿ ಹಾಕಬೇಕು. ಅದಕ್ಕೆ ಸೀಲು, ಪ್ಲೇಟು, ಫ್ಲೈವೀಲು ಮೂರೂ ತೊಳೆಯದೆ ಉಳಿದಿರಬೇಕು. ದುಡ್ಡು ಕೊಟ್ಟು ರಿಪೇರಿ ಮಾಡಿಸಿ, ಹಳೆಯ ಭಾಗ ಅಲ್ಲೇ ಬಿಟ್ಟು ಬಂದು, ಆಮೇಲೆ ದೂರು ಕೊಟ್ಟರೆ ತಜ್ಞರಿಗೆ ನೋಡಲು ಏನೂ ಇರುವುದಿಲ್ಲ. ಕಾರು ತುರ್ತಾಗಿ ಬೇಕೇ ಬೇಕಾದವರು ಹಣ ಕಟ್ಟಬಹುದು, ಆದರೆ ಇನ್‌ವಾಯ್ಸಿನ ಮೇಲೆ "ವಾರಂಟಿ ತಕರಾರನ್ನು ಉಳಿಸಿಕೊಂಡು ಪಾವತಿಸಿದೆ" ಎಂದು ಬರೆದು, ಹಳೆಯ ಭಾಗಗಳನ್ನು ರಸೀದಿ ಸಮೇತ ಕೊಂಡುಬರಬೇಕು. ವಾಟ್ಸಾಪ್ ಸಂದೇಶ, ವೀಡಿಯೊ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಜೊತೆಗಿಟ್ಟರೆ ತಾಂತ್ರಿಕ ಆಕ್ಷೇಪಕ್ಕೆ ಎಡೆ ಇರುವುದಿಲ್ಲ.

ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಮುಗಿಯುವುದು ಅಪರೂಪ ಎಂಬುದನ್ನೂ ವಕೀಲರು ಮುಚ್ಚಿಡಲಿಲ್ಲ.

ಒಪ್ಪಂದ

ಇಪ್ಪತ್ತನೇ ದಿನ ಕಂಪನಿಯಿಂದ ಎರಡನೇ ಪತ್ರ. ಸೀಲು, ಪ್ಲೇಟು, ಪ್ರೆಶರ್ ಪ್ಲೇಟು, ಸಿಎಸ್‌ಸಿ, ಎಣ್ಣೆ, ಫ್ಲೂಯಿಡ್, ಮಜೂರಿ ಎಲ್ಲ ವಾರಂಟಿಯಡಿ. ಫ್ಲೈವೀಲಿನ ಅರ್ಧ ಗ್ರಾಹಕರದು: 4,900, ತೆರಿಗೆ ಸೇರಿ 5,782 ರೂಪಾಯಿ. ಈ ಅರ್ಧವೂ ನ್ಯಾಯವಲ್ಲ. ಪ್ಲೇಟು ಜಾರಿದ್ದು ಸೀಲಿನಿಂದ, ಫ್ಲೈವೀಲ್ ಕಾದದ್ದು ಪ್ಲೇಟು ಜಾರಿದ್ದರಿಂದ. ಮೊದಲೆರಡನ್ನು ಒಪ್ಪಿದ ಮೇಲೆ ಮೂರನೆಯದನ್ನು ಅರ್ಧಕ್ಕೆ ಕಡಿಯಲು ಆಧಾರ ಇಲ್ಲ. ಆದರೆ ಅಡಿಕೆ ಕೊಯ್ಲಿನ ಹೊತ್ತು, ಮನೆಯಲ್ಲಿ ಬೇರೆ ವಾಹನ ಇಲ್ಲ. ಯಜಮಾನರು ಒಪ್ಪಿದರು.

ಸಹಿಗೆ ಬಂದ ಕಾಗದದಲ್ಲಿ "ಈ ವಾಹನದ ಕುರಿತ ಯಾವುದೇ ಹಕ್ಕುಬಾಧ್ಯತೆ ಮುಂದೆ ಇರುವುದಿಲ್ಲ" ಎಂಬ ಸಾಲಿತ್ತು. ಹಾಗೆಯೇ ಸಹಿ ಹಾಕಿದ್ದರೆ ಮುಂದೆ ಅದೇ ಗೇರ್‌ಬಾಕ್ಸಿನಲ್ಲಿ ಬೇರಿಂಗ್ ಹೋದರೂ ಈ ಕಾಗದವನ್ನೇ ತೋರಿಸುತ್ತಿದ್ದರು. ಅಷ್ಟು ಕಡಿಮೆ ಗೇರ್ ಎಣ್ಣೆಯಲ್ಲಿ ಎಷ್ಟು ಸಾವಿರ ಕಿಲೋಮೀಟರ್ ಓಡಿದೆ ಎಂದು ಯಾರಿಗೆ ಗೊತ್ತು? ಯಜಮಾನರು ಆ ಸಾಲು ಹೊಡೆದು "ಈ ಜಾಬ್ ಕಾರ್ಡಿನ ರಿಪೇರಿ ವೆಚ್ಚಕ್ಕೆ ಮಾತ್ರ ಸಂಬಂಧಿಸಿ" ಎಂದು ಬರೆಸಿದರು. ಗೇರ್‌ಬಾಕ್ಸಿನ ಒಳಭಾಗಕ್ಕೆ ಮೂಲ ವಾರಂಟಿ ಮುಂದುವರಿಯುತ್ತದೆ ಎಂಬುದನ್ನೂ ಸೇರಿಸಿದರು. ವಾರಂಟಿಯಲ್ಲಿ ಹಾಕಿದ ಹೊಸ ಭಾಗಕ್ಕೆ ಸಾಮಾನ್ಯವಾಗಿ ಕಾರಿನ ಉಳಿದ ವಾರಂಟಿಯಷ್ಟೇ ಆಯುಷ್ಯ, ಹೊಸದಾಗಿ ಮೂರು ವರ್ಷ ಸಿಗುವುದಿಲ್ಲ. ಹಳೆಯ ಭಾಗಗಳು ಕಂಪನಿಗೆ ಹೋದವು.

ಇಪ್ಪತ್ತಮೂರನೇ ದಿನ ಕಾರು ಮನೆಗೆ ಬಂತು. ಬರುವ ಮೊದಲು ಜಗ್ಗಿನಲ್ಲಿ ಅಳೆದೇ 2 ಲೀಟರ್ ಗೇರ್ ಆಯಿಲ್ ಹಾಕಿಸಿದ್ದರು. ಬೆಲ್ ಹೌಸಿಂಗಿನ ತಳದಲ್ಲಿ ನೀರು ಇಳಿಯಲು ಒಂದು ಸಣ್ಣ ತೂತು ಇರುತ್ತದೆ. ಸಾವಿರ ಕಿಲೋಮೀಟರ್ ಆದ ಮೇಲೆ ಮಗ ಕಾರಿನಡಿಗೆ ಮಲಗಿ ಅಲ್ಲಿ ಬಿಳಿ ಬಟ್ಟೆ ಒತ್ತಿ ನೋಡಿದ. ಒಣಗಿತ್ತು. ಐದು ಸಾವಿರಕ್ಕೆ ಮತ್ತೆ ನೋಡಲಿಕ್ಕಿದೆ.